ಬೂದಿಯಿಂದ ಬೆಳಕು ತೆಗೆದ ಕಾರ್ಲ್ ಔವರ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನವೃತ್ತಾಂತವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಅಪ್ಪಣೆ ಮಾಡಿದಾಗ ಅವರ ಮನಸ್ಸಿನಲ್ಲಿದ್ದುದು ಬಹುಶಃ ಸರ್ ಸಿ. ವಿ. ರಾಮನ್ ಅಥವಾ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಆ ಮಹನೀಯರನ್ನು ಕುರಿತು ಈ ಶಾಲೆಯ ಹಳೆಯ ವಿದ್ಯಾರ್ಥಿಗಳು ಎಷ್ಟೋ ಭಾಷಣಗಳನ್ನು ಕೇಳಿದ್ದಾರೆ. ಅವುಗಳಲ್ಲಿ ಕೆಲವನ್ನು ಮಾಡಿದವನು ನಾನೇ. ಆದುದರಿಂದ ಈ ಸಲ ದೂರದ ಆಸ್ಟ್ರಿಯಾ ದೇಶದ ಒಬ್ಬ ರಸಾಯನ ವಿಜ್ಞಾನಿಯನ್ನು ಆರಿಸಿಕೊಂಡಿದ್ದೇನೆ. ಅವರ ಹೆಸರು ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್. ತಮ್ಮ ದೇಶದಲ್ಲಿ ಅವರು ನೋಟು, ನಾಣ್ಯ, ಅಂಚೆಚೀಟಿಗಳ ಮೇಲೆ ಅಚ್ಚಾದಷ್ಟು ಪ್ರಖ್ಯಾತರು. ನಮ್ಮಲ್ಲಿ ಹೆಸರು ಕೇಳಿದವರು ವಿರಳ. ಆದರೆ ಅವರ ಬೆಳಕನ್ನು ಕಾಣದ ಹಿರಿಯರು ಈ ಕಾಸರಗೋಡು ಸೀಮೆಯಲ್ಲಿ ಇರಲಾರರು. ಮದುವೆಯ ಚಪ್ಪರದಲ್ಲಿ, ಜಾತ್ರೆಯ ಅಂಗಡಿಗಳಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಸುಂಯ್ ಎಂದು ಸದ್ದು ಮಾಡುತ್ತ ಉರಿಯುತ್ತಿದ್ದ ಗ್ಯಾಸ್‌ಲೈಟಿನ ಮ್ಯಾಂಟಲ್ ಅವರ ಸೃಷ್ಟಿ.

ಕಾರ್ಲ್ ಔವರರು ಜನಿಸಿದುದು 1858ನೆಯ ಇಸವಿ ಸೆಪ್ಟೆಂಬರ್ 1ರಂದು, ವಿಯೆನ್ನಾ ನಗರದಲ್ಲಿ. ತಂದೆ ಅಲೋಯಿಸ್ ಔವರರು ಅಲ್ಲಿನ ಸಾಮ್ರಾಟರ ಸರಕಾರಿ ಮುದ್ರಣಾಲಯದ ನಿರ್ದೇಶಕರು. ಲೋಕದ ನಾನಾ ಲಿಪಿಗಳ ಅಚ್ಚುಮೊಳೆಗಳನ್ನು ಎರಕ ಹೊಯ್ಯಿಸಿ, ನೂರಾರು ಭಾಷೆಗಳಲ್ಲಿ ಪ್ರಾರ್ಥನೆಯನ್ನು ಮುದ್ರಿಸಿ ತೋರಿಸಿದ ಬಹುಭಾಷಾವಿದರು ಅವರು. ಸಸ್ಯಗಳ ಎಲೆಯನ್ನೇ ಸೀಸದ ಹಾಳೆಯ ಮೇಲೆ ಒತ್ತಿ ಅದರ ನರನರವೂ ಕಾಣುವಂತೆ ಅಚ್ಚು ತೆಗೆಯುವ ವಿಧಾನವನ್ನು ಬಳಕೆಗೆ ತಂದವರೂ ಅವರೇ. 1860ರಲ್ಲಿ ಸಾಮ್ರಾಟರು ಅವರಿಗೆ ಬಿರುದನ್ನಿತ್ತು ಗೌರವಿಸಿದಾಗ, ಅವರ ಹುಟ್ಟೂರು ವೆಲ್ಸ್‌ನ ನೆನಪಿಗಾಗಿ ಮನೆತನದ ಹೆಸರಿಗೆ ವೆಲ್ಸ್‌ಬಾಖ್ ಎಂಬುದು ಸೇರಿಕೊಂಡಿತು. ಆದರೆ 1869ರಲ್ಲಿ ಅವರು ತೀರಿಕೊಂಡರು. ಆಗ ಮಗ ಕಾರ್ಲನಿಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ.

ಶಾಲಾ ವಿದ್ಯಾಭ್ಯಾಸವನ್ನು 1877ರಲ್ಲಿ ಮುಗಿಸಿ, ಸ್ವಲ್ಪ ಕಾಲ ಸೈನ್ಯದಲ್ಲಿದ್ದು, ವಿಯೆನ್ನಾದಲ್ಲಿ ಉಚ್ಚ ಶಿಕ್ಷಣಕ್ಕೆ ಸೇರಿದ ಕಾರ್ಲರು 1880ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿಗೆ ಹೋದರು. ಅಲ್ಲಿ ಗುರುವಾಗಿ ದೊರೆತವರು ರಾಬರ್ಟ್ ಬುನ್ಸೆನ್. ಪ್ರಯೋಗಶಾಲೆಯ ಬುನ್ಸೆನ್ ದೀಪವನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಆ ಬುನ್ಸೆನ್ನರೂ ಕಿರ್ಖಾಫರೂ ಕೂಡಿ ರೋಹಿತದರ್ಶಕವೆಂಬ ಉಪಕರಣವನ್ನು ರೂಪಿಸಿದ್ದರು. ಒಂದು ಲವಣವನ್ನು ಜ್ವಾಲೆಯಲ್ಲಿ ಹಿಡಿದು, ಅದರಿಂದ ಹೊರಟ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣಬಣ್ಣದ ಗೆರೆಗಳು ಕಾಣುತ್ತವೆ. ಪ್ರತಿಯೊಂದು ಮೂಲಧಾತುವಿಗೂ ಅದರದೇ ಆದ ಗೆರೆಗಳು. ಈ ಗೆರೆಗಳನ್ನು ಓದುವ ವಿದ್ಯೆಯನ್ನು ಔವರರು ಗುರುವಿನಿಂದ ಕಲಿತರು. 1882ರಲ್ಲಿ ಡಾಕ್ಟರೇಟ್ ಪಡೆದು ವಿಯೆನ್ನಾಕ್ಕೆ ಮರಳಿ, ಪ್ರೊಫೆಸರ್ ಲೀಬೆನ್ನರ ಪ್ರಯೋಗಶಾಲೆಯಲ್ಲಿ ಸಂಬಳವಿಲ್ಲದ ಸಹಾಯಕರಾಗಿ ಕುಳಿತರು.

ಅವರು ಕೈಗೆತ್ತಿಕೊಂಡ ವಿಷಯ ವಿರಳ ಭಸ್ಮ ಧಾತುಗಳು. ಈ ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು. ಹಿಂದಿನ ರಸಾಯನಜ್ಞರು ಲೋಹಗಳ ಆಕ್ಸೈಡುಗಳನ್ನು ಮಣ್ಣು ಎಂಬ ಅರ್ಥದ ಪದದಿಂದ ಕರೆಯುತ್ತಿದ್ದರು. ನಮ್ಮ ಪರಿಭಾಷೆಯವರು ಅದನ್ನು ಭಸ್ಮ ಎಂದರು. ಆಯುರ್ವೇದದ ಲೋಹಭಸ್ಮಗಳನ್ನು ಬಲ್ಲ ನಮಗೆ ಈ ಪದ ಮೂಲಕ್ಕಿಂತ ಸೊಗಸಾಗಿ ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಆದರೆ ವಿರಳ ಎಂಬ ವಿಶೇಷಣ ಅಷ್ಟು ಸರಿಯಲ್ಲ. ಈ ಬಳಗದ ನಿಯೋಡಿಮಿಯಮ್ ಎಂಬ ಲೋಹ ಭೂಮಿಯ ಚಿಪ್ಪಿನಲ್ಲಿ ಸೀಸಕ್ಕಿಂತಲೂ ಅಧಿಕವಾಗಿದೆ. ವಿರಳವಾದುದು ಅದು ಒಂದೇ ಕಡೆ ಒಟ್ಟಾಗಿ, ಒಂಟಿಯಾಗಿ ಸಿಗುವುದು. ಈ ಧಾತುಗಳು ಒಂದಕ್ಕೊಂದು ಎಷ್ಟು ಹೋಲುತ್ತವೆಂದರೆ, ನಿಸರ್ಗವು ಎಲ್ಲವನ್ನೂ ಒಂದೇ ಖನಿಜದಲ್ಲಿ ಬೆರಸಿಟ್ಟಿದೆ. ಬೇರ್ಪಡಿಸುವುದೇ ಕಷ್ಟ.

1841ರಲ್ಲಿ ಸ್ವೀಡನ್ನಿನ ಮೊಸಾಂಡರ್ ಎಂಬವರು ಈ ಬಳಗದಲ್ಲಿ ಒಂದು ಹೊಸ ಧಾತುವನ್ನು ಕಂಡು, ಲ್ಯಾಂಥನಮ್ ಧಾತುವಿನ ಅವಳಿ ಎಂಬ ಅರ್ಥದಲ್ಲಿ ಡೈಡಿಮಿಯಮ್ ಎಂದು ಹೆಸರಿಟ್ಟರು. ಮೆಂಡಲೀಫರ ಆವರ್ತ ಕೋಷ್ಟಕದಲ್ಲಿಯೂ ಅದಕ್ಕೆ ಒಂದು ಮನೆ ದೊರೆಯಿತು. 1879ರಲ್ಲಿ ಅದರೊಳಗಿನಿಂದ ಸಮೇರಿಯಮ್ ಹೊರಬಂದಿತಾದರೂ, ಉಳಿದುದು ಒಂದೇ ಧಾತುವೆಂಬ ನಂಬಿಕೆ ಹೆಚ್ಚಿನವರಲ್ಲಿತ್ತು. ಔವರರಿಗೆ ಆ ನಂಬಿಕೆ ಇರಲಿಲ್ಲ.

ಅವರು ಅನುಸರಿಸಿದ ಕ್ರಮದ ಹೆಸರು ಆಂಶಿಕ ಸ್ಫಟಿಕೀಕರಣ. ಡೈಡಿಮಿಯಮ್ ಮತ್ತು ಅಮೋನಿಯಮ್ ಜೋಡಿ ನೈಟ್ರೇಟ್ ಲವಣವನ್ನು ನೀರಿನಲ್ಲಿ ಕರಗಿಸಿ, ಕಾಯಿಸಿ, ಆರಲು ಬಿಡುವುದು. ಮೊದಲು ಒಂದಷ್ಟು ಹರಳು ಕಟ್ಟುತ್ತದೆ. ಆ ಹರಳನ್ನು ಒಂದು ಪಾತ್ರೆಗೆ, ಉಳಿದ ದ್ರವವನ್ನು ಇನ್ನೊಂದಕ್ಕೆ ತೆಗೆದಿಟ್ಟು, ಎರಡನ್ನೂ ಮತ್ತೆ ಕರಗಿಸಿ, ಕಾಯಿಸಿ, ಆರಿಸುವುದು. ಬೆರೆತಿರುವ ಎರಡು ಲವಣಗಳ ಕರಗುವಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ, ಪ್ರತಿಯೊಂದು ಸಲವೂ ಹರಳಿನಲ್ಲಿ ಒಂದರ ಅಂಶ ತುಸು ಹೆಚ್ಚುತ್ತದೆ, ದ್ರವದಲ್ಲಿ ಇನ್ನೊಂದರದು. ಮೊರದಲ್ಲಿ ಅಕ್ಕಿ ಕೇರುವ ತಾಯಂದಿರಿಗೆ ಈ ನ್ಯಾಯ ಗೊತ್ತು. ಒಂದೇ ಕೇರಿಗೆ ನುಚ್ಚು ಬೇರೆಯಾಗುವುದಿಲ್ಲ. ಆದರೆ ಅಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಾದರೂ ಇದೆ. ಔವರರು ನೂರಕ್ಕೂ ಹೆಚ್ಚು ಬಾರಿ ಈ ಕ್ರಿಯೆಯನ್ನು ಪುನರಾವರ್ತಿಸಿದರು. ಕ್ರಮೇಣ ಪಾತ್ರೆಗಳ ಬಣ್ಣವೇ ಬೇರೆಯಾಯಿತು. ಒಂದು ತುದಿಯಲ್ಲಿ ಎಳೆ ಹಸುರು, ಇನ್ನೊಂದು ತುದಿಯಲ್ಲಿ ನಸುನೇರಳೆ. ರೋಹಿತದರ್ಶಕವೂ ಅದನ್ನೇ ಸಾರಿತು. ಡೈಡಿಮಿಯಮ್‌ನದೆಂದು ಹೇಳುತ್ತಿದ್ದ ಗೆರೆಗಳಲ್ಲಿ ಕೆಲವು ಇಲ್ಲಿ, ಉಳಿದವು ಅಲ್ಲಿ.

1885ರ ಜೂನ್ 18ರಂದು ವಿಯೆನ್ನಾದ ವಿಜ್ಞಾನ ಅಕಾಡೆಮಿಗೆ ಈ ವಿಷಯವನ್ನು ನಿವೇದಿಸಿದಾಗ ಔವರರಿಗೆ ಇಪ್ಪತ್ತಾರು ವರ್ಷ. ಹಸುರು ಲವಣ ಕೊಟ್ಟ ಧಾತುವಿಗೆ ಹಸುರು ಅವಳಿ ಎಂಬ ಅರ್ಥದ ಪ್ರೆಸಿಯೋಡಿಮಿಯಮ್ ಎಂದೂ, ಇನ್ನೊಂದಕ್ಕೆ ಹೊಸ ಅವಳಿ ಎಂಬ ಅರ್ಥದ ನಿಯೋಡಿಮಿಯಮ್ ಎಂದೂ ನಾಮಕರಣ ಮಾಡಿದರು. ನಲವತ್ತನಾಲ್ಕು ವರ್ಷ ಒಂದೇ ಎಂದು ಲೋಕವು ಪಾಠ ಹೇಳಿಕೊಂಡು ಬಂದುದನ್ನು ಒಬ್ಬ ಯುವಕ ಎರಡು ಮಾಡಿದುದನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ. ವೃದ್ಧರಾಗಿದ್ದ ಬುನ್ಸೆನ್ನರು ಶಿಷ್ಯನ ಕೆಲಸವನ್ನು ಪರಿಶೀಲಿಸಿ ಒಪ್ಪಿಕೊಂಡರು. ಗುರುವಾದವನಿಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲವೆಂಬುದನ್ನು ನಾನು ನನ್ನ ಅಲ್ಪ ಅನುಭವದಿಂದಲೇ ಹೇಳಬಲ್ಲೆ.

ಹೀಗೆ ರೋಹಿತದ ಗೆರೆಗಳನ್ನು ನೋಡುತ್ತಿರುವಾಗಲೇ ಮ್ಯಾಂಟಲಿನ ಯೋಚನೆ ಹುಟ್ಟಿತು. ಪ್ಲಾಟಿನಮ್ ತಂತಿಯ ತುದಿಯಲ್ಲಿ ಲವಣವನ್ನು ಹಿಡಿದರೆ ಬರುವ ಬೆಳಕು ಅಲ್ಪ. ಹೆಚ್ಚು ಬೆಳಕು ಬೇಕೆಂದು ಔವರರು ಹತ್ತಿಯ ನೂಲನ್ನು ಲವಣದ ದ್ರಾವಣದಲ್ಲಿ ಅದ್ದಿ ಜ್ವಾಲೆಗೆ ಒಡ್ಡಿದರು. ಹತ್ತಿ ಸುಟ್ಟುಹೋಯಿತು. ಆದರೆ ಎಳೆಎಳೆಯ ಆಕಾರವೂ ಕೆಡದೆ ಆಕ್ಸೈಡಿನ ಬೂದಿ ಹಾಗೆಯೇ ನಿಂತು ಪ್ರಜ್ವಲಿಸಿತು. ಬುನ್ಸೆನ್ ದೀಪದ ಜ್ವಾಲೆಗೆ ತಾಪ ಬಹಳ, ಬೆಳಕು ಇಲ್ಲವೆಂಬಷ್ಟು ಕಡಿಮೆ. ಆ ತಾಪವನ್ನು ಬೆಳಕಾಗಿಸುವ ಕೆಲಸವನ್ನು ಈ ಬೂದಿಯ ಬಲೆ ಮಾಡುತ್ತದೆಂಬುದು ಅವರಿಗೆ ಹೊಳೆಯಿತು. 1885ರಲ್ಲಿಯೇ ಪೇಟೆಂಟ್ ಪಡೆದರು. ಮೊದಲ ಮ್ಯಾಂಟಲಿನಲ್ಲಿ ಮೆಗ್ನೀಸಿಯಮ್, ಲ್ಯಾಂಥನಮ್, ಯಿಟ್ರಿಯಮ್‌ಗಳ ಆಕ್ಸೈಡುಗಳಿದ್ದವು.

ಇಲ್ಲಿಂದ ಮುಂದಿನ ಆರು ವರ್ಷ ಅವರ ಬಾಳಿನ ಅತ್ಯಂತ ಕಠಿಣ ಕಾಲ. ವಿಯೆನ್ನಾದ ಹೊರವಲಯದ ಆಟ್ಸ್‌ಗರ್ಸ್‌ಡಾರ್ಫಿನಲ್ಲಿ 1887ರಲ್ಲಿ ಕಾರ್ಖಾನೆ ಆರಂಭವಾಯಿತು. ಆದರೆ ಆ ಮ್ಯಾಂಟಲಿನ ಬೆಳಕು ಹಸುರಾಗಿ ರೋಗಿಯ ಮುಖದಂತೆ ಕಾಣುತ್ತಿತ್ತು. ಸ್ವಲ್ಪ ಅಲುಗಿದರೂ ಬೂದಿ ಉದುರುತ್ತಿತ್ತು. ಕೊಂಡವರು ಬೇಸತ್ತರು. 1889ರಲ್ಲಿ ಕಾರ್ಖಾನೆ ಮುಚ್ಚಿತು. ಎಡಿಸನ್ನರ ವಿದ್ಯುದ್ದೀಪ ಬಂದು ಹತ್ತು ವರ್ಷವಾಗಿದ್ದ ಆ ಸಮಯದಲ್ಲಿ ಅನಿಲದೀಪದ ಮೇಲೆ ಹಣ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಔವರರು ಆ ಮುಚ್ಚಿದ ಕಾರ್ಖಾನೆಯನ್ನು ತಾವೇ ಕೊಂಡು, ಲುಡ್ವಿಗ್ ಹೈಟಿಂಗರ್ ಮೊದಲಾದ ಸಹಾಯಕರೊಂದಿಗೆ ಪ್ರಯೋಗವನ್ನು ಮುಂದುವರಿಸಿದರು.

ಆಗ ಒಂದು ವಿಚಿತ್ರ ಎದುರಾಯಿತು. ಥೋರಿಯಮ್ ಎಂಬ ಧಾತುವಿನ ಆಕ್ಸೈಡಿನಿಂದ ಮಾಡಿದ ಮ್ಯಾಂಟಲ್ ಗಟ್ಟಿಯೂ ಆಗಿತ್ತು, ಚೆನ್ನಾಗಿ ಬೆಳಗುತ್ತಲೂ ಇತ್ತು. ಇನ್ನೂ ಉತ್ತಮವಾಗಲೆಂದು ಥೋರಿಯಮ್ಮನ್ನು ಶುದ್ಧೀಕರಿಸಿದರೆ ಬೆಳಕು ಕುಂದಿತು. ಶುದ್ಧಿ ಹೆಚ್ಚಿದಷ್ಟೂ ಕತ್ತಲೆ! ಬೇರೊಬ್ಬರಾಗಿದ್ದರೆ ಆ ದಾರಿಯನ್ನೇ ಬಿಟ್ಟುಬಿಡುತ್ತಿದ್ದರೇನೋ. ಬೇರ್ಪಡಿಸುವುದರಲ್ಲಿ ಪಳಗಿದ್ದ ಔವರರಿಗೆ ಮಾತ್ರ, ಬೆಳಕು ಕೊಡುತ್ತಿರುವುದು ಥೋರಿಯಮ್ ಅಲ್ಲ, ಅದರ ಜೊತೆಗಿರುವ ಕಶ್ಮಲ ಎಂಬುದು ಅರ್ಥವಾಯಿತು. ಆ ಕಶ್ಮಲ ಸೀರಿಯಮ್ ಎಂಬ ವಿರಳ ಭಸ್ಮ ಧಾತು. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಥೋರಿಯಮ್ ಆಕ್ಸೈಡಿಗೆ ಒಂದು ಪಾಲು ಸೀರಿಯಮ್ ಆಕ್ಸೈಡ್ ಬೆರಸಿದಾಗ ಬೆಳಕು ಪರಮಾವಧಿಗೆ ಏರುತ್ತದೆ. ಸೀರಿಯಮ್ ಹೆಚ್ಚಾದರೂ ಮಂಕು, ಕಡಿಮೆಯಾದರೂ ಮಂಕು. ಥೋರಿಯಮ್ ಕಣ್ಣಿಗೆ ಕಾಣದ ಶಾಖಕಿರಣಗಳಾಗಿ ತಾಪವನ್ನು ಪೋಲುಮಾಡದೆ ಹಿಡಿದಿಡುತ್ತದೆ. ಸೀರಿಯಮ್ ಆ ತಾಪವನ್ನು ಕಾಣುವ ಬೆಳಕಾಗಿ ಹೊರಗೆಡಹುತ್ತದೆ. 1891ರ ನವೆಂಬರಿನಲ್ಲಿ ವಿಯೆನ್ನಾದ ಸಂಗೀತ ನಾಟಕಶಾಲೆಯ ಬಳಿಯ ಒಂದು ಕಾಫಿಗೃಹದ ಮುಂದೆ ಈ ಹೊಸ ದೀಪಗಳು ಉರಿದವು. ಅಲ್ಲಿಂದ ಔವರ್ ದೀಪ ಯುರೋಪಿನ ಬೀದಿಗಳನ್ನು ಆಕ್ರಮಿಸಿತು. ವಿದ್ಯುತ್ತು ಬಂದರೂ ಅನಿಲದೀಪ ಹಲವು ದಶಕ ಬಾಳಿತು.

1910ರ ಸುಮಾರಿಗೆ ಬರ್ಲಿನ್ನಿನ ಮ್ಯಾಕ್ಸ್ ಗ್ರೆಟ್ಸ್ ಎಂಬವರು ಸೀಮೆಎಣ್ಣೆಯನ್ನು ಒತ್ತಡದಿಂದ ಆವಿಯಾಗಿಸಿ ಅದೇ ಮ್ಯಾಂಟಲನ್ನು ಉರಿಸುವ ಪೆಟ್ರೊಮ್ಯಾಕ್ಸ್ ದೀಪವನ್ನು ತಂದರು. ಕೊಳವೆಯ ಅನಿಲವಿಲ್ಲದ ನಮ್ಮಂತಹ ಹಳ್ಳಿಗಳಿಗೆ ಬೆಳಕು ಬಂದುದು ಈ ಮಾರ್ಗವಾಗಿ. ನನ್ನ ಬಾಲ್ಯದಲ್ಲಿ ಬಯಲಾಟಕ್ಕೆ ದೊಂದಿಯ ಕಾಲ ಮುಗಿದು ಗ್ಯಾಸ್‌ಲೈಟಿನ ಕಾಲ ನಡೆಯುತ್ತಿತ್ತು. ಹೊಸ ಮ್ಯಾಂಟಲನ್ನು ಕಟ್ಟಿ ಒಮ್ಮೆ ಸುಟ್ಟ ಮೇಲೆ ಅದು ಬರಿಯ ಬೂದಿಯ ಚೀಲ. ಅದನ್ನು ಮುಟ್ಟಲು ನಮಗೆ ಅಪ್ಪಣೆಯಿರಲಿಲ್ಲ, ಒಂದು ಪತಂಗ ಬಡಿದರೂ ತೂತಾಗುತ್ತಿತ್ತು. ನಡುರಾತ್ರಿ ಬೆಳಕು ಕೆಂಪಾಗತೊಡಗಿದಾಗ ಲೈಟಿನವನು ರಂಗಸ್ಥಳದ ಅಂಚಿಗೆ ಬಂದು ಗಾಳಿ ಹಾಕುವನು. ಮತ್ತೆ ಬಣ್ಣದ ವೇಷದ ಮುಖದ ಮೇಲಿನ ಚುಟ್ಟಿ ಮುಳ್ಳುಮುಳ್ಳಾಗಿ ಕಾಣುವುದು. ಆ ಬೆಳಕು ಒಂದು ಬೂದಿಯಿಂದ ಬರುತ್ತಿದೆ, ಅದನ್ನು ಕಂಡುಹಿಡಿದವರಿಗೆ ಒಂದು ಹೆಸರಿದೆ ಎಂದು ನಮಗೆ ಆಗ ಯಾರೂ ಹೇಳಲಿಲ್ಲ.

ಇನ್ನು ನಮ್ಮ ಕರಾವಳಿಯ ಸಂಬಂಧ. ಥೋರಿಯಮ್ ದೊರೆಯುವುದು ಮೊನಾಜೈಟ್ ಎಂಬ ಹಳದಿ ಮರಳಿನಿಂದ. ಮ್ಯಾಂಟಲಿಗೆ ಬೇಡಿಕೆ ಏರಿದಾಗ ಅದು ಮುಖ್ಯವಾಗಿ ಬ್ರೆಜಿಲ್ಲಿನಿಂದ ಬರುತ್ತಿತ್ತು. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞರು ತಿರುವಾಂಕೂರಿನಿಂದ ಹಡಗೇರಿ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಾಜೈಟ್ ಕಣಗಳನ್ನು ಗುರುತಿಸಿದರು. ನಾರಿನ ಜಾಡು ಹಿಡಿದು ಬಂದು, ಮಣವಾಳಕುರಿಚಿಯಲ್ಲಿ ಮರಳು ಬೇರ್ಪಡಿಸುವ ಘಟಕವನ್ನು ತೆರೆದರು, ಬಳಿಕ ಚವರದಲ್ಲಿಯೂ. ಬ್ರೆಜಿಲ್ಲಿನ ಮರಳಿಗಿಂತ ತಿರುವಾಂಕೂರಿನದರಲ್ಲಿ ಥೋರಿಯಮ್ ಹೆಚ್ಚು. ಮೊದಲನೆಯ ಮಹಾಯುದ್ಧ ಬಂದಾಗ ಶೋಂಬರ್ಗರು ಸೆರೆಯಾದರು, ವ್ಯವಹಾರ ಆಂಗ್ಲರ ಕೈಸೇರಿತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಣವಾಳಕುರಿಚಿ ತಿರುವಾಂಕೂರನ್ನು ಬಿಟ್ಟು ಮದ್ರಾಸು ರಾಜ್ಯಕ್ಕೆ ಹೋಯಿತು, ಚವರ ಕೇರಳದಲ್ಲಿ ಉಳಿಯಿತು. ಅದೇ ದಿನ ನಮ್ಮ ಕಾಸರಗೋಡು ಮದ್ರಾಸು ರಾಜ್ಯವನ್ನು ಬಿಟ್ಟು ಕೇರಳಕ್ಕೆ ಬಂದಿತು. ಗಡಿಯ ಗೆರೆ ಎಳೆಯುವವರಿಗೆ ಮರಳೂ ಒಂದೇ, ಮನುಷ್ಯರೂ ಒಂದೇ ಎಂದು ನಾನು ಕೆಲವೊಮ್ಮೆ ನೊಂದುಕೊಂಡದ್ದುಂಟು.

ಔವರರ ಕಡೆಗೆ ಮರಳೋಣ. ಮೊನಾಜೈಟಿನಲ್ಲಿ ಥೋರಿಯಮ್ ಅಲ್ಪಭಾಗ. ಅದನ್ನು ತೆಗೆದ ಮೇಲೆ ಸೀರಿಯಮ್, ಲ್ಯಾಂಥನಮ್ ಮತ್ತು ಅವರದೇ ಅವಳಿ ಧಾತುಗಳ ರಾಶಿ ಕಾರ್ಖಾನೆಯ ಹಿತ್ತಿಲಲ್ಲಿ ಕಸವಾಗಿ ಬೆಳೆಯುತ್ತಿತ್ತು. ಆ ಕಸದಿಂದ ಮಿಶ್ರಲೋಹವನ್ನು ತೆಗೆದು, ನೂರಕ್ಕೆ ಮೂವತ್ತರಷ್ಟು ಕಬ್ಬಿಣವನ್ನು ಸೇರಿಸಿದರೆ, ಉಕ್ಕಿನಿಂದ ತುಸು ಗೀರಿದ ಮಾತ್ರಕ್ಕೆ ಅದು ಕಿಡಿಗಳ ಮಳೆಯನ್ನೇ ಸುರಿಸುತ್ತದೆಂದು ಅವರು ಕಂಡರು. ಗೀರಿದಾಗ ಉದುರುವ ಲೋಹದ ಹುಡಿ ಗಾಳಿ ತಾಗುತ್ತಲೇ ಹೊತ್ತಿಕೊಳ್ಳುವುದೇ ಇದರ ಮರ್ಮ. 1903ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಸಿಗರೇಟ್ ಲೈಟರಿನಲ್ಲಿ ನಾವು ಹಾಕುವ ಕಲ್ಲು ವಾಸ್ತವವಾಗಿ ಕಲ್ಲಲ್ಲ, ಈ ಲೋಹ. ಕರಿಂಥಿಯಾ ಪ್ರಾಂತದ ಟ್ರೈಬಾಖ್ ಎಂಬಲ್ಲಿ ಅವರು ಇದಕ್ಕಾಗಿ ಸ್ಥಾಪಿಸಿದ ಕಾರ್ಖಾನೆ 1907ರಲ್ಲಿ ಕಂಪೆನಿಯಾಗಿ ರೂಪುಗೊಂಡಿತು.

ವಿದ್ಯುದ್ದೀಪವನ್ನೂ ಅವರು ಶತ್ರುವೆಂದು ಬಗೆಯಲಿಲ್ಲ. ಇಂಗಾಲದ ತಂತುವಿಗೆ ಬದಲಾಗಿ ಅತ್ಯಧಿಕ ತಾಪದಲ್ಲಿ ಮಾತ್ರ ಕರಗುವ ಆಸ್ಮಿಯಮ್ ಲೋಹದ ತಂತುವನ್ನು ಮಾಡಿ 1898ರಲ್ಲಿ ಪೇಟೆಂಟ್ ಪಡೆದರು. 1902ರಲ್ಲಿ ಆ ದೀಪ ಮಾರುಕಟ್ಟೆಗೆ ಬಂದಿತು. ಬೆಲೆ ಹೆಚ್ಚು, ತಂತು ನಾಜೂಕು, ಆದುದರಿಂದ ಬೇಗನೆ ಟಂಗ್‌ಸ್ಟನ್ ಅದರ ಸ್ಥಾನಕ್ಕೆ ಬಂದಿತು. ಆದರೂ ಹೆಸರು ಉಳಿಯಿತು. ಆಸ್ಮಿಯಮ್ ಮತ್ತು ವುಲ್‌ಫ್ರಮ್, ಅಂದರೆ ಟಂಗ್‌ಸ್ಟನ್, ಇವೆರಡರ ಹೆಸರನ್ನು ಕೂಡಿಸಿ 1906ರಲ್ಲಿ ನೋಂದಾಯಿಸಿದ ಓಸ್ರಾಮ್ ಎಂಬ ಮುದ್ರೆಯನ್ನು ಬಲ್ಬುಗಳ ಮೇಲೆ ನೀವೆಲ್ಲ ಕಂಡಿದ್ದೀರಿ.

ಎಲ್ಲದರಲ್ಲಿಯೂ ಅವರಿಗೆ ನ್ಯಾಯ ದೊರೆಯಿತೆನ್ನಲಾರೆ. ಯಿಟರ್ಬಿಯಮ್ ಎಂಬ ಧಾತುವನ್ನೂ ಅವರು ಎರಡಾಗಿ ಒಡೆದು, ಆಲ್ಡೆಬರಾನಿಯಮ್, ಕ್ಯಾಸಿಯೋಪಿಯಮ್ ಎಂದು ನಕ್ಷತ್ರಲೋಕದ ಹೆಸರುಗಳನ್ನಿಟ್ಟರು. ಅದೇ ಸುಮಾರಿಗೆ, 1907ರಲ್ಲಿ, ಪ್ಯಾರಿಸ್ಸಿನ ಜಾರ್ಜ್ ಉರ್ಬೇನರೂ ಅದೇ ಬೇರ್ಪಡಿಕೆಯನ್ನು ಪ್ರಕಟಿಸಿ ಒಂದಕ್ಕೆ ಲುಟೀಸಿಯಮ್ ಎಂದರು. 1909ರಲ್ಲಿ ಅಂತರರಾಷ್ಟ್ರೀಯ ಪರಮಾಣುತೂಕ ಸಮಿತಿ ಉರ್ಬೇನರ ಪರವಾಗಿ ತೀರ್ಮಾನಿಸಿತು. ಆ ಸಮಿತಿಯ ಸದಸ್ಯರಲ್ಲಿ ಉರ್ಬೇನರೂ ಒಬ್ಬರಾಗಿದ್ದರು. ಪಂಚಾಯತಿಯಲ್ಲಿ ವಾದಿಯೇ ಕುಳಿತ ಮೇಲೆ ತೀರ್ಪು ಬೇರೆ ಆದೀತೆ? ಔವರರ ಮಾದರಿಯೇ ಹೆಚ್ಚು ಶುದ್ಧವಾಗಿತ್ತೆಂಬುದು ಮುಂದೆ ತಿಳಿದುಬಂತು. ಜರ್ಮನ್ ಭಾಷೆಯ ಗ್ರಂಥಗಳು ಹಲವು ದಶಕಗಳ ಕಾಲ ಕ್ಯಾಸಿಯೋಪಿಯಮ್ ಎಂಬ ಹೆಸರನ್ನೇ ಬಳಸಿದವು.

1901ರಲ್ಲಿ ಸಾಮ್ರಾಟ ಫ್ರಾಂಟ್ಸ್ ಯೋಸೆಫರು ಅವರಿಗೆ ಬ್ಯಾರನ್ ಪದವಿಯನ್ನಿತ್ತರು. ಕರಿಂಥಿಯಾದ ತಮ್ಮ ವೆಲ್ಸ್‌ಬಾಖ್ ಸೌಧದಲ್ಲಿ ಪ್ರಯೋಗಶಾಲೆಯನ್ನು ಇಟ್ಟುಕೊಂಡು, ಕೊನೆಯವರೆಗೂ ಪಾತ್ರೆಗಳ ಮುಂದೆ ಹರಳು ಕಟ್ಟುವುದನ್ನು ಕಾಯುತ್ತ, 1929ರ ಆಗಸ್ಟ್ 4ರಂದು ಅಲ್ಲಿಯೇ ನಿಧನರಾದರು. 1956ರ ಆಸ್ಟ್ರಿಯಾದ ಇಪ್ಪತ್ತು ಷಿಲಿಂಗ್ ನೋಟಿನ ಮೇಲೆ ಅವರ ಚಿತ್ರವಿತ್ತು. ಸಮೀಪದ ಆಲ್ಟ್‌ಹೋಫನ್ನಿನಲ್ಲಿ 1998ರಿಂದ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

ಇಷ್ಟಾದರೂ, ಅವರು ತೀರಿಕೊಂಡಾಗ ನಿಯೋಡಿಮಿಯಮ್‌ನಿಂದ ಗಾಜಿಗೆ ಬಣ್ಣ ಕೊಡುವುದರ ಹೊರತು ಹೇಳಿಕೊಳ್ಳುವಂತಹ ಪ್ರಯೋಜನವೇನೂ ಇರಲಿಲ್ಲ. ಬೆಳ್ಳಿಯಂತೆ ಹೊಳೆದು ಗಾಳಿಗೆ ಬೇಗನೆ ಮಸುಕಾಗುವ, ನೀರಿಗಿಂತ ಏಳುಪಟ್ಟು ಭಾರದ ಲೋಹ. ಅದನ್ನು ಬೆರಸಿದ ಗಾಜು ಬಿಸಿಲಿನಲ್ಲಿ ನಸುನೇರಳೆ, ಟ್ಯೂಬ್‌ಲೈಟಿನಲ್ಲಿ ನೀಲಿ. ಗಾಜು ಊದುವ ಕೆಲಸಗಾರರ ಕಣ್ಣಿಗೆ ಹೊಡೆಯುವ ಸೋಡಿಯಮ್‌ನ ಹಳದಿ ಬೆಳಕನ್ನು ಡೈಡಿಮಿಯಮ್ ಕನ್ನಡಕ ನುಂಗುತ್ತದೆ. ಬಹುಕಾಲ ಇಷ್ಟೇ. ಕನ್ನಡ ಮಾಧ್ಯಮದಲ್ಲಿ ಓದಿ ಏನು ಪ್ರಯೋಜನವೆಂದು ಈ ಶಾಲೆಯ ಕಚೇರಿಗೆ ಬಂದು ಕೇಳಿದ ತಂದೆತಾಯಿಗಳಿಗೆ ನಾನು ಒಮ್ಮೊಮ್ಮೆ ಈ ಲೋಹದ ಕಥೆಯನ್ನು ಹೇಳಿದ್ದುಂಟು. ಕೆಲವರು ನಕ್ಕು ಮಗುವನ್ನು ಸೇರಿಸಿದರು, ಕೆಲವರು ನಕ್ಕು ಹೊರಟುಹೋದರು. 1960ರ ದಶಕದಲ್ಲಿ ನಿಯೋಡಿಮಿಯಮ್ ಲೇಸರ್‌ಗಳು ಬಂದವು. 1983ರಲ್ಲಿ ಜಪಾನಿನ ಸಗಾವಾ ಅವರ ತಂಡವೂ ಅಮೆರಿಕದ ಜನರಲ್ ಮೋಟರ್ಸ್ ಕಂಪೆನಿಯೂ ಬೇರೆಬೇರೆಯಾಗಿ, ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿದ ಅಯಸ್ಕಾಂತವನ್ನು ಪ್ರಕಟಿಸಿದವು. ಬಳಕೆಯಲ್ಲಿರುವ ಶಾಶ್ವತ ಅಯಸ್ಕಾಂತಗಳಲ್ಲಿ ಅದಕ್ಕೆ ಸಮನಾದುದಿಲ್ಲ. ಮೊಬೈಲಿನ ಸಣ್ಣ ಸ್ಪೀಕರಿನಿಂದ ಹಿಡಿದು ವಿದ್ಯುತ್ ವಾಹನಗಳ ಮೋಟರು, ಗಾಳಿಯಂತ್ರಗಳ ಜನರೇಟರುಗಳವರೆಗೆ ಅದೇ ಬೇಕು. 2025ರ ಏಪ್ರಿಲಿನಲ್ಲಿ ಚೀನಾ ದೇಶವು ಕೆಲವು ವಿರಳ ಭಸ್ಮ ಧಾತುಗಳಿಗೂ ಅವುಗಳು ಸೇರಿದ ಅಯಸ್ಕಾಂತಗಳಿಗೂ ರಫ್ತು ನಿರ್ಬಂಧ ಹೇರಿದಾಗ ನಮ್ಮ ದೇಶದ ವಾಹನ ಕಾರ್ಖಾನೆಗಳವರೂ ಕಳವಳಗೊಂಡರು. 1950ರಲ್ಲಿ ಸ್ಥಾಪಿತವಾದ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆಯು ಚವರ, ಮಣವಾಳಕುರಿಚಿಗಳಲ್ಲಿ ಮರಳನ್ನು ಬೇರ್ಪಡಿಸುತ್ತ ಬಂದಿದೆ. ಆಲುವಾದಲ್ಲಿ ಅದರ ವಿರಳ ಭಸ್ಮ ಘಟಕವಿದೆ.

ಈಗ ಹರಳು ಕಟ್ಟಿಸಿ ಕಾಯುವ ಕ್ರಮ ಹೋಗಿದೆ. ದ್ರಾವಣದಿಂದ ದ್ರಾವಣಕ್ಕೆ ಎಳೆದುಕೊಳ್ಳುವ ತೊಟ್ಟಿಗಳ ಸಾಲಿನಲ್ಲಿ ಅದೇ ಕೆಲಸ ಹಗಲಿರುಳೂ ನಡೆಯುತ್ತದೆ. ಆದರೆ ಅಯಸ್ಕಾಂತದ ಮಟ್ಟಿಗೆ ಪ್ರೆಸಿಯೋಡಿಮಿಯಮ್ ತುಸು ಬೆರೆತಿದ್ದರೆ ಬಾಧಕವಿಲ್ಲವೆಂದು ಕಂಡುಬಂದುದರಿಂದ, ಕಾರ್ಖಾನೆಗಳವರು ಬಹಳಮಟ್ಟಿಗೆ ಆ ಎರಡನ್ನು ಬೇರ್ಪಡಿಸುವ ಗೋಜಿಗೇ ಹೋಗುವುದಿಲ್ಲ. ಔವರರು ನೂರಕ್ಕೂ ಹೆಚ್ಚು ಬಾರಿ ಕಾಯಿಸಿ, ಆರಿಸಿ ದೂರಮಾಡಿದ ಅವಳಿಗಳು ಇಂದು ಮಾರುಕಟ್ಟೆಯಲ್ಲಿ ಒಂದೇ ಚೀಲದಲ್ಲಿ ಮಾರಾಟವಾಗುತ್ತವೆ.